ಅರ್ಧ ಕಾರಿಗೊಂದು ಡೊಂಕು ಮರ

ಮೊನ್ನೆ ತಿಪಟೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಕಿಟಕಿ ಗಾಜೆಲ್ಲ ಮುಚ್ಚಿದ್ದವು, ಒಳಗೆ ಉಸಿರಾಡೋಕೂ ಗಾಳಿ ಇರಲಿಲ್ಲ. ಆದರೂ ಬಸ್ಸು ಹೊರಟ ತಕ್ಷಣ ನನ್ನ ಕೈ ತಾನಾಗಿ ಮೇಲೆ ಹೋಯ್ತು. ಸೆರಗನ್ನು ತಲೆ ಮೇಲೆ ಎಳೆದು, ಕಿವಿ ಮುಚ್ಚಿ, ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತೆ. ಪಕ್ಕದ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಹಲ್ಲು ನೋವಾ ಅಜ್ಜಿ?" ಅಂದಳು.

"ಹಲ್ಲು ನೋವಲ್ಲಮ್ಮ, ಕಾರಿನ ಅಭ್ಯಾಸ," ಅಂದೆ.

ಅವಳು ನನ್ನ ಸೀರೆ ನೋಡಿದಳು, ಕಾಲಿನ ಹವಾಯಿ ಚಪ್ಪಲಿ ನೋಡಿದಳು, ಆಮೇಲೆ ಸ್ವಲ್ಪ ಆ ಕಡೆಗೆ ಸರಿದು ಕೂತಳು. ತಲೆ ಕೆಟ್ಟ ಮುದುಕಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಮನೇಲಿ ಕಾರಿದ್ದೋಳು ಬಸ್ಸಿಗೆ ಯಾಕೆ ಬಂದೆ ಅಂತ ನೀವೂ ಕೇಳಬಹುದು. ನಮ್ಮ ಕಾರು ಎಂಥದು ಅಂತ ಗೊತ್ತಾದ ಮೇಲೆ ಕೇಳಲ್ಲ ಬುಡಿ.

ನಮ್ಮದು ಅರ್ಧ ಕಾರು. ಆ ಹೆಸರಿಟ್ಟಿದ್ದು ಊರಿನವರು. ಸ್ಪೋರ್ಟ್ಸ್ ಕಾರು ಅನ್ನೋದು ಅದರ ಜಾತಿ. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ತಲೆ ಮೇಲೆ ತಗಡಿಲ್ಲ. ಮಳೆ ಬಂದರೆ ಎಳೆದುಕೊಳ್ಳಲಿ ಅಂತ ಒಂದು ಬಟ್ಟೆ ಮುಚ್ಚಳ ಇತ್ತು, ಅದನ್ನು ಇಲಿ ತಿಂದು ಎಷ್ಟೋ ಕಾಲವಾಯ್ತು. ನಮ್ಮೆಜಮಾನರು ಮೊದಲ ದಿನ ಅದನ್ನು ಊರೊಳಕ್ಕೆ ತಂದಾಗ ಅರಳಿಕಟ್ಟೆ ಮೇಲೆ ಕೂತಿದ್ದ ಒಬ್ಬರು, "ಏನ್ ರಂಗಪ್ಪಾ, ಮಿಕ್ಕಿದ್ದು ಲಾರೀಲಿ ಬತ್ತದಾ?" ಅಂದರಂತೆ. ಅವತ್ತಿಂದ ನಮ್ಮದು ಅರ್ಧ ಕಾರಿನೋರ ಮನೆ. ಗೌರಮ್ಮ ಅಂತ ನನಗೊಂದು ಹೆಸರಿದೆ. ಲಗ್ನಪತ್ರಿಕೆ ಕೊಡೋಕೆ ಬಂದವರೂ "ಅರ್ಧ ಕಾರಿನ ಅಜ್ಜಿ ಅವ್ರಾ?" ಅಂತಲೇ ಬಾಗಿಲು ತಟ್ಟುತ್ತಾರೆ.

ಆ ಕಾರು ಬರಬೇಕಾಗಿದ್ದದ್ದಲ್ಲ, ಟ್ರ್ಯಾಕ್ಟರ್ ಬರಬೇಕಾಗಿತ್ತು. ಆ ವರ್ಷ ಕೊಬ್ಬರಿಗೆ ಒಳ್ಳೇ ರೇಟು ಬಂದಿತ್ತು. ಟ್ರ್ಯಾಕ್ಟರ್ ನೋಡಿಕೊಂಡು ಬರ್ತೀನಿ ಅಂತ ಇವರು ತುರುವೇಕೆರೆ ಕಡೆ ಹೋದರು. ದಾರೀಲಿ ಪಟ್ಟಣದ ಸಾಹುಕಾರರೊಬ್ಬರ ಈ ಕಾರು ಬಂಡಿ ಜಾಡಿನ ದಿಣ್ಣೆ ಮೇಲೆ ಹೊಟ್ಟೆ ಊರಿ ಕೂತಿತ್ತಂತೆ. ಇವರಿಗೆ ಮೊದಲಿಂದಲೂ ಕಂಡೋರ ಕಷ್ಟಕ್ಕೆ ಓಡೋ ಬುದ್ಧಿ. ಪಕ್ಕದ ಹೊಲದ ಎತ್ತು ತಂದು ಕಟ್ಟಿ ಎಳೆಸಿದರು. ಎಳೆಯೋ ಹೊತ್ತಲ್ಲಿ ಸ್ಟೀರಿಂಗ್ ಹಿಡಿಯೋಕೆ ಅಂತ ಸಾಹುಕಾರರು ಇವರನ್ನೇ ಒಳಗೆ ಕೂರಿಸಿದರು. ಕೂರಿಸಿದ್ದೇ ಕೇಡಾಯ್ತು. ಸಾಹುಕಾರರಿಗೆ ಆ ಕಾರು ಸಾಕಾಗಿತ್ತು, ಇವರಿಗೆ ಬೇಕಾಗಿತ್ತು.

"ಟ್ರ್ಯಾಕ್ಟರ್ ಎಲ್ರೀ?" ಅಂತ ಕೇಳಿದೆ, ಬಂದವರನ್ನು.

"ಕೆಂಪು ಬಣ್ಣದ್ದು ತನ್ನಿ ಅಂದಿದ್ದೆಯಲ್ಲ ಕಣೇ. ಕೆಂಪಗೇ ಐತೆ ನೋಡು."

"ನೇಗಿಲು ಎಲ್ಲಿಗೆ ಕಟ್ತೀರಿ ಇದಕ್ಕೆ?"

"ಪಾಪ, ಅದಕ್ಯಾಕೆ ನೇಗಿಲು," ಅಂದರು.

ಮಕ್ಕಳನ್ನು ಹೆತ್ತು ಬಾಣಂತನದಲ್ಲಿ ಮಲಗಿದ್ದಾಗ ನನಗೆ ಯಾವತ್ತೂ ಪಾಪ ಅನ್ನದ ಮನುಷ್ಯ ಒಂದು ತಗಡಿಗೆ ಪಾಪ ಅಂದರು. ಆಗಲೇ ಅರ್ಥವಾಯ್ತು, ಇದು ವಾಪಸ್ ಹೋಗೋ ಮಾಲಲ್ಲ ಅಂತ.

ಕಾರು ನಿಲ್ಲಿಸೋಕೆ ಜಾಗ ಬೇಕಲ್ಲ. ನಮ್ಮ ಕಡೆ ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸೋನು ಹುಚ್ಚ. ಹಾಗಾಗಿ ಕೊಬ್ಬರಿ ಅಟ್ಟದ ಕೆಳಗೆ, ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಅದು ಬಂದು ಕೂತಿತು. ಎಮ್ಮೆ ಹೊರಗೆ ತಗಡಿನ ಚಪ್ಪರಕ್ಕೆ ಹೋಯ್ತು, ಕೋಪಕ್ಕೆ ಒಂದು ವಾರ ಹಾಲು ಬಿಡಲಿಲ್ಲ. ಕೊಬ್ಬರಿ ಅಟ್ಟ ನೋಡದೇ ಇದ್ದವರಿಗೆ ಹೇಳಬೇಕು: ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಬಿಡುತ್ತೀವಿ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತೆ. ನಾನು ಚಿಕ್ಕೋಳಿದ್ದಾಗ ಅಪ್ಪ ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದ. ಗಡಗಡ ಅಂದರೆ ಆಗಿದೆ, ಕುಳುಕುಳು ಅಂದರೆ ಇನ್ನೂ ಬಿಡು. ನಾವು ಮಕ್ಕಳು ಒಬ್ಬರ ತಲೆ ಒಬ್ಬರು ಹಿಡಿದು ಅಲ್ಲಾಡಿಸಿ, "ಇವನದು ಇನ್ನೂ ನೀರು ಕಣಪ್ಪಾ," ಅಂತ ಕಿರುಚುತ್ತಿದ್ದೆವು. ಇವರ ತಲೆಯನ್ನೂ ಲಗ್ನಕ್ಕೆ ಮುಂಚೆ ಒಂದು ಸಲ ಅಲ್ಲಾಡಿಸಿ ನೋಡಬೇಕಾಗಿತ್ತು ಅಂತ ಈಗ ಅನ್ನಿಸುತ್ತೆ.

ಅಪ್ಪನ ಎತ್ತಿನ ಗಾಡಿ ನೆನಪಾಗುತ್ತೆ. ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹೋಗೋವಾಗ ನಾನು ಮೂಟೆಗಳ ಮೇಲೆ, ತುತ್ತತುದಿಯಲ್ಲಿ, ಕಾಲು ಇಳಿಬಿಟ್ಟು ಕೂರುತ್ತಿದ್ದೆ. ದಾರೀಲಿ ಹೋಗೋರ ತಲೆ ಬೈತಲೆ ಎಲ್ಲ ಕಾಣೋದು. ಯಾರ ಬುಟ್ಟೀಲಿ ಏನಿದೆ, ಯಾರು ಯಾರ ಜೊತೆ ಹೊರಟಿದ್ದಾರೆ, ಎಲ್ಲ ನನಗೇ ಮೊದಲು ಗೊತ್ತಾಗೋದು. ಈ ಅರ್ಧ ಕಾರಿನಲ್ಲಿ ಕೂತರೆ ಬರೀ ಮಂಡಿ ಕಾಣುತ್ತವೆ. ನೆಲಕ್ಕೆ ಅಷ್ಟು ಹತ್ತಿರ. ನಾಯಿ ಬಂದು ನಿಂತರೆ ಅದೂ ನಾನೂ ಮುಖಾಮುಖಿ. ಊಟಕ್ಕೆ ಕೂರೋ ಮಣೆಗೆ ಚಕ್ರ ಕಟ್ಟಿದರೆ ಹೆಂಗಿರುತ್ತೆ, ಹಂಗೆ.

ಮಂಡಿ ಅಂದೆನಲ್ಲ, ನನ್ನ ಮಂಡಿ ಸವೆಸಿದ್ದೂ ಇದೇ ಕಾರು. ನಮ್ಮ ಕಡೆ ರಸ್ತೇಲಿ ಊರಿಗೊಂದು ಹಂಪು. ಹಂಪು ಬಂದರೆ ಇವರು ಕಾರು ನಿಲ್ಲಿಸಿ ನನ್ನ ಮುಖ ನೋಡೋರು.

"ಒಂಚೂರು ಇಳೀತೀಯೇನೇ? ಭಾರ ಕಮ್ಮಿ ಆದ್ರೆ ಹೊಟ್ಟೆ ತಗಲಲ್ಲ."

ನಾನು ಇಳಿಯೋದು. ಕಾರು ಓರೆಯಾಗಿ, ಬಸುರಿ ಹಸು ಗುಂಡಿ ದಾಟೋ ಹಂಗೆ, ಒಂದೊಂದೇ ಚಕ್ರ ಎತ್ತಿ ಇಟ್ಟು ದಾಟೋದು. ನಾನು ಹಿಂದೆ ನಡೆದು ಹೋಗಿ ಹತ್ತೋದು. ಕೂತು ಸೆರಗು ಸರಿ ಮಾಡಿಕೊಳ್ಳೋ ಹೊತ್ತಿಗೆ ಮುಂದಿನ ಊರು, ಮುಂದಿನ ಹಂಪು. ಅರಳಗುಪ್ಪೆಯ ನನ್ನ ತಂಗಿ ಮನೆಗೆ ಹೋದರೆ ಅವಳು, "ಕಾರಲ್ಲಿ ಬಂದ್ಯಾ, ನಡ್ಕೊಂಡು ಬಂದ್ಯಾ ಅಕ್ಕಾ?" ಅಂತ ಕೇಳೋಳು. ಅರ್ಧ ಕಾರಲ್ಲಿ, ಅರ್ಧ ನಡೆದು ಅಂತ ಹೇಳುತ್ತಿದ್ದೆ. ಸುಳ್ಳೇನಲ್ಲ.

ಹೀಗೆ ಇಳಿದೂ ಹತ್ತಿಯೂ ಕೊನೆಗೆ ಒಂದು ದಿನ ಮಂಡಿ ಏಳಲ್ಲ ಅಂತು. ಚಿಕ್ಕನಾಯಕನಹಳ್ಳೀಲಿ ಒಂದು ಮದುವೆ. ಛತ್ರದ ಮುಂದೆ ಕಾರು ನಿಂತಿತು, ಇವರು ಇಳಿದರು, ನಾನು ಒಳಗೇ ಇದ್ದೆ. ಕೈ ಕೊಟ್ಟರು, ಏಳಲಿಲ್ಲ. ವಾಲಗದೋರು ಗಂಡಿನ ಕಡೆಯೋರು ಬಂದರು ಅಂದುಕೊಂಡು ಊದುತ್ತಾ ಹತ್ತಿರ ಬಂದು ನಿಂತರು. ಕಡೆಗೆ ಹೆಣ್ಣಿನ ಸೋದರಮಾವನ ಕಡೆಯ ಇಬ್ಬರು ಕೊಬ್ಬರಿ ಮಾರ್ಕೆಟ್ಟಿನ ಹಮಾಲಿಗಳು ಸಿಕ್ಕಿದರು. ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲಿಗೆ. "ಹೂಂ" ಅಂದು ಎತ್ತಿದವರು ಅಭ್ಯಾಸಬಲದಿಂದ ನನ್ನನ್ನು ಬೆನ್ನ ಮೇಲೆ ಹಾಕಿಕೊಳ್ಳೋಕೆ ಹೊರಟರು. "ಇಳಿಸ್ರೋ ಮೂದೇವಿಗಳಾ, ನಾನು ಮೂಟೆ ಅಲ್ಲ," ಅಂತ ಬೈದೆ. ವಾಲಗ ಮಾತ್ರ ನಿಲ್ಲಿಸಲಿಲ್ಲ.

ತಿಪಟೂರಿನ ಡಾಕ್ಟರು ಮಂಡಿ ಒತ್ತಿ ನೋಡಿ, "ಇನ್ಮೇಲೆ ಕೆಳಗೆ ಕೂರಬೇಡಿ. ಮಣೆ ಬೇಡ, ಚಾಪೆ ಬೇಡ," ಅಂದರು. "ಕಾರಲ್ಲಿ ಕೂರಬಹುದಾ?" ಅಂದೆ. "ಧಾರಾಳವಾಗಿ ಕೂರಿ," ಅಂದರು. ಆಮೇಲೆ ಕಿಟಕಿಯಿಂದ ನೋಡಿದ್ದಾರೆ, ಇವರು ನನ್ನನ್ನು ಬಾವಿಗೆ ಕೊಡ ಇಳಿಸೋ ಹಂಗೆ ಕಾರೊಳಕ್ಕೆ ಇಳಿಸುತ್ತಿದ್ದರು. ಡಾಕ್ಟರು ಬಾಗಿಲಿಗೆ ಓಡಿ ಬಂದು, "ಅಜ್ಜೀ, ಅದು ಬೇಡ! ಅದು ಬೇಡ!" ಅಂತ ಕೂಗಿದರು. ಆಗಲೇ ನಾನು ತಳ ಮುಟ್ಟಿದ್ದೆ.

ಹಿಂಗಿರೋವಾಗ ಹೋದ ಶ್ರಾವಣದಲ್ಲಿ ತುಮಕೂರಿಂದ ಒಬ್ಬ ಹುಡುಗ ಬಂದ. ಹಳೇ ಕಾರು ಅಂದರೆ ಪ್ರಾಣವಂತೆ. ಅವನು ಬಂದದ್ದು ಎತ್ತರದ ಒಂದು ಬಿಳೀ ಕಾರಲ್ಲಿ. ಅರ್ಧ ಕಾರಿನ ಸುತ್ತ ಬಂದ, ಕೆಳಗೆ ಮಲಗಿ ಹೊಟ್ಟೆ ನೋಡಿದ, ಎದ್ದು ಕೈ ಮುಗಿದ. "ತಾತಾ, ಅದಲು ಬದಲು ಮಾಡ್ಕೊಳ್ಳಾಣ. ನನ್ನ ಕಾರು ನೀವಿಟ್ಕೊಳಿ, ಇದನ್ನ ನಂಗೆ ಕೊಡಿ. ಶುಕ್ರವಾರ ಬಂದು ಕೇಳ್ತೀನಿ," ಅಂದ.

ನಾನು ಆ ಬಿಳೀ ಕಾರಿನ ಬಾಗಿಲು ತೆಗೆದು ನೋಡಿದೆ. ಸೀಟು ನನ್ನ ಸೊಂಟಕ್ಕೆ ಸರಿಯಾಗಿತ್ತು. ಬಗ್ಗೋದಿಲ್ಲ, ಏಳೋದಿಲ್ಲ, ಜಗುಲಿ ಮೇಲೆ ಕೂತಂಗೆ ಹಿಂದಕ್ಕೆ ಸರಿದರೆ ಆಯ್ತು. ಬಿಡಬಾರದು ಇದನ್ನ ಅಂತ ಅವತ್ತೇ ಮನಸ್ಸು ಮಾಡಿದೆ. ಮಗ ಮಂಜನೂ ನನ್ನ ಕಡೆ. ತೋಟ ನೋಡಿಕೊಳ್ಳೋನು ಅವನು, ಅವನಿಗೂ ನಾಲ್ಕು ಜನ ಕೂರೋ ಗಾಡಿ ಬೇಕು.

"ಅಪ್ಪಾ, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡೋಗೋಕೂ ಆಗಲ್ಲ ಇದ್ರಲ್ಲಿ. ಕೊಟ್ಬುಡು."

ಇವರು ಹಳೇ ಪಂಚೆ ತುಂಡು ತಗೊಂಡು ಹೋಗಿ ಕಾರಿನ ಕಣ್ಣು ಒರೆಸೋಕೆ ಕೂತರು. ಅದು ಅಟ್ಟದ ಕೆಳಗಿರೋ ಕಾರು, ಒರೆಸಿದಷ್ಟೂ ಮೇಲಿಂದ ಧೂಳು ಉದುರುತ್ತೆ. ಅವರು ಒರೆಸುತ್ತಾನೇ ಇದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಹಸಿವಿಲ್ಲ ಅನ್ನೋ ಮಾತು ಆ ಬಾಯಿಂದ ನಾನು ಕೇಳಿದ್ದು ಕಮ್ಮಿ. ನನಗೂ ಒಂಥರಾ ಆಯ್ತು. ಮಂಡಿ ನನ್ನದು, ಕಾರು ಅವರದು, ಯಾವುದನ್ನ ಬಿಡೋದು? ನಾನಾಗಿ ಕಿತ್ತುಕೊಂಡೆ ಅನ್ನೋ ಹೆಸರೂ ನನಗೆ ಬೇಡವಾಗಿತ್ತು. ದೇವರ ತಲೆ ಮೇಲೆ ಹಾಕೋಣ ಅಂತ ಹೂ ಕೇಳೋಕೆ ಹೊರಟೆ.

ನಮ್ಮೂರಮ್ಮನ ಗುಡೀಲಿ ಹೆಣ್ಣು ಕೊಡೋಕೆ, ಬೋರು ಕೊರೆಸೋಕೆ, ಎಮ್ಮೆ ಮಾರೋಕೆ, ಎಲ್ಲಕ್ಕೂ ಹೂ ಕೇಳುತ್ತೀವಿ. ಪೂಜಾರಿ ಈರಣ್ಣ ಅಮ್ಮನಿಗೆ ನೀರು ಹಾಕಿ, ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಕೇಳೋರು ಮನಸ್ಸಲ್ಲೇ ಕೇಳಬೇಕು, ಬಾಯಿ ಬಿಡಬಾರದು. ಬಲಗಡೆ ಹೂ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಉಹೂಂ. ನಾನು ಕಣ್ಣು ಮುಚ್ಚಿ, "ತಾಯೀ, ಆ ದರಿದ್ರ ಕಾರು ಮಾರಲಾ?" ಅಂದೆ. ಬಲಗಡೆ ಹೂ ಟಪ್ ಅಂತ ಬಿತ್ತು. ಅಷ್ಟು ಬೇಗ ಬಿದ್ದದ್ದು ನಾನು ನೋಡೇ ಇರಲಿಲ್ಲ. ಅಮ್ಮನಿಗೂ ಮಂಡಿ ನೋವಿರಬೇಕು ಅಂದುಕೊಂಡೆ.

ಮನೆಗೆ ಬಂದು ಉತ್ಸಾಹದಲ್ಲಿ ಬಸ್ಸಾರು ಮಾಡಿದೆ. ಇವರೂ ಮುಖ ತೊಳೆದು, ಕರೆಯೋಕೆ ಮುಂಚೆ ಬಂದು ಕೂತರು.

"ಇನ್ನೊಂದು ಮುದ್ದೆ ಹಾಕ್ಕೊಳಿ," ಅಂದೆ.

"ಹಾಕು. ನೀನೂ ತಿನ್ನೇ, ಸೊರಗಿದ್ದೀಯ," ಅಂದರು.

ನಾನು ಸೊರಗಿದ್ದು ಯಾವ ಕಾಲಕ್ಕೂ ಇಲ್ಲ. ಸೋತ ಗಂಡ ಅಂತ ನಾನು ತುಪ್ಪ ಹಾಕಿದೆ. ಸೋತ ಹೆಂಡತಿ ಅಂತ ಅವರು ನನಗೆ ಹಪ್ಪಳ ಕೊಟ್ಟರು. ಮಂಜ ಇಬ್ಬರ ಮುಖಾನೂ ನೋಡಿ, "ಏನಾಯ್ತು ನಿಮ್ಗೆ?" ಅಂದ.

"ಬಲಗಡೆ ಹೂ ಆಯ್ತು ಕಣಪ್ಪಾ," ಅಂತ ಇಬ್ಬರೂ ಒಟ್ಟಿಗೆ ಅಂದೆವು.

ಇವರು ನನಗಿಂತ ಮುಂಚೆ, ಬೆಳಿಗ್ಗೆನೇ ಗುಡಿಗೆ ಹೋಗಿ, "ತಾಯೀ, ಕಾರು ಇಟ್ಕೊಳ್ಳಲಾ?" ಅಂತ ಕೇಳಿ ಬಂದಿದ್ದರು.

ಮಂಜ ನಗೋಕೆ ಶುರು ಮಾಡಿದವನು ಮುದ್ದೆ ಗಂಟಲಿಗೆ ಸಿಕ್ಕಿ ಕೆಮ್ಮಿದ. ನಾವು ಕೈ ತೊಳೆದು ಸೀದಾ ಈರಣ್ಣನ ಹತ್ತಿರ ಹೋದೆವು. ಅವನು ಗುಡಿ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಯಾರು ಏನು ಕೇಳಿದ್ದು ಅಂತ ಇಬ್ಬರೂ ಹೇಳಿದೆವು.

"ಬೆಳಿಗ್ಗೆ ಅಣ್ಣಾರು ಬಂದ್ರು, ಬಲಗಡೆ ಆಯ್ತು. ಆಮೇಲೆ ನೀವು ಬಂದ್ರಿ ಗೌರಕ್ಕ, ಬಲಗಡೆನೇ ಆಯ್ತು. ಒಂದೇ ಮಾತಿಗೆ ಗಂಡ ಹೆಂಡ್ತಿ ಇಬ್ರೂ ಅಪ್ಪಣೆ ತಗೊಂಡವ್ರೆ, ಎಂಥಾ ಒಗ್ಗಟ್ಟು ಅಂದ್ಕೊಂಡೆ," ಅಂದ.

"ಇನ್ನೊಂದು ಸಲ ಕೇಳು ಈರಣ್ಣ," ಅಂದರು ಇವರು.

"ಕೊಟ್ಟ ಅಪ್ಪಣೆ ನಡಸ್ದೆ ಇನ್ನೊಂದು ಕೇಳೋ ಹಂಗಿಲ್ಲ ಕಣಣ್ಣೋ. ಅಮ್ಮ ಮುನಿಸ್ಕೊಂಡ್ರೆ ನಾನಿಲ್ಲ. ಮಾರೂ ಅಂದವ್ಳೆ, ಮಾರ್ಬೇಕು. ಇಟ್ಕೋ ಅಂದವ್ಳೆ, ಇಟ್ಕೋಬೇಕು."

"ಅದು ಹೆಂಗಯ್ಯಾ ಆಗ್ತದೆ?"

"ಅದು ನಿಮ್ಮನೆ ವಿಷ್ಯ. ನಂದು ಹೂ ಅಂಟ್ಸೋದಷ್ಟೆ," ಅಂದು ಎಲೆ ಉಗಿದು ಬಂದ.

ನಾನು ಮೆಟ್ಟಿಲ ಮೇಲೆ ಕೂತು ಯೋಚನೆ ಮಾಡಿದೆ. ನಾಕನೇ ಕ್ಲಾಸಿಗೆ ಬಿಟ್ಟವಳು ನಾನು. ಲೆಕ್ಕ ಅಂದರೆ ಆಗ ಮೇಷ್ಟ್ರು ನನ್ನ ಕಿವಿ ಹಿಂಡುತ್ತಿದ್ದರು. ಆದರೆ ಈ ಲೆಕ್ಕ ಸಲೀಸಾಗಿ ಬಗೆಹರೀತು.

"ನಂಗೆ ಮಾರಿ," ಅಂದೆ.

"ಏನು?"

"ಕಾರು ನಂಗೆ ಮಾರಿ. ಮಾರ್ದಂಗೂ ಆಯ್ತು, ಮನೇಲಿ ಇಟ್ಕೊಂಡಂಗೂ ಆಯ್ತು."

ಈರಣ್ಣ ತಲೆ ಆಡಿಸಿದ. "ಸರಿಹೋಯ್ತದೆ. ಆದ್ರೆ ಪುಗಸಟ್ಟೆ ಕೊಟ್ರೆ ಮಾರ್ದಂಗಲ್ಲ. ಏನಾದ್ರೂ ಕೈ ಬದಲಾಗ್ಬೇಕು."

ನನ್ನದು ಅಂತ ಇರೋದು ಬಾವಿ ಪಕ್ಕದ ಒಂದು ಸಾಲು ತೆಂಗಿನ ಮರ. ಅರಿಶಿನ ಕುಂಕುಮಕ್ಕೆ ಅಂತ ಅತ್ತೆ ಕೊಟ್ಟದ್ದು. ಅದರ ಒಂದು ಎಳನೀರು ಬೇಕಾದರೂ ಇವರು ನನ್ನನ್ನು ಕೇಳಬೇಕು. ಮರದ ಮಾತು ಬಂದದ್ದೇ ಇವರ ಕಣ್ಣು ಅರಳಿತು. ವ್ಯಾಪಾರ ಅಂದ ಮೇಲೆ ವ್ಯಾಪಾರದ ಹಾಗೇ ಆಗಬೇಕು ಅಂತ ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿದರು. ದನದ ಸಂತೇಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಾರಲ್ಲ, ಹಂಗೆ. ಧಾರೆ ಆದ ಮೇಲೆ ಈ ಮನುಷ್ಯ ಜನರ ಎದುರಿಗೆ ನನ್ನ ಕೈ ಹಿಡಿದದ್ದು ಅದೇ ಮೊದಲು.

ಅವರು ಇಡೀ ಅಂಗೈ ಹಿಡಿದರು. ಅಂದರೆ ಐದು ಮರ. ನಾನು ಒಂದೊಂದೇ ಬೆರಳು ಮಡಚಿದೆ. ಅವರು ಬಿಡಿಸಿದರು, ನಾನು ಮಡಚಿದೆ. ಸಾರು ತಿಂದ ಕೈ ಜಿಡ್ಡಾಗಿತ್ತು, ಬೆರಳು ಜಾರುತ್ತಿತ್ತು. ಕಡೆಗೆ ಒಂದು ಬೆರಳಿಗೆ ನಿಲ್ಲಿಸಿದೆ.

"ಒಂದು ಮರ. ಆ ಡೊಂಕು ಮರ," ಅಂದೆ.

"ಲೇ, ಅದ್ರ ಕಾಯೆಲ್ಲಾ ಪಕ್ಕದ ತೋಟಕ್ಕೆ ಬೀಳ್ತಾವಲ್ಲೇ!"

"ನಿಮ್ಮ ಕಾರೇನು ನೆಟ್ಟಗೈತಾ? ಅರ್ಧ ಕಾರಿಗೆ ಡೊಂಕು ಮರ. ಬೇಕಾದ್ರೆ ತಗೊಳಿ."

ತಗೊಂಡರು. ಕಾಗದ ಪತ್ರಕ್ಕೆ ಮಂಜ ಓಡಾಡಿದ. ಕಾರು ನನ್ನದಾಯ್ತು. ಅಪ್ಪಣೆ ನಡೆದು ಮುಗಿದ ಮೇಲೆ ಆ ಕಾರು ಏನಾಗಬೇಕು ಅನ್ನೋದು ಇನ್ನು ನನ್ನ ಇಷ್ಟ. ಇದು ಇವರಿಗೆ ಮನೆಗೆ ಬಂದ ಮೇಲೆ ಹೊಳೆಯಿತು. ಮತ್ತೆ ಪಂಚೆ ತುಂಡು ತಗೊಂಡು ಹೋಗಿ ಕೂತರು.

ಶುಕ್ರವಾರ ತುಮಕೂರಿನ ಹುಡುಗ ಬಂದ. "ಇವರನ್ನ ಕೇಳ್ಬೇಡಪ್ಪ, ಓನರ್ರು ನಾನು," ಅಂದೆ. "ಮೊದ್ಲು ನಿನ್ನ ಕಾರಲ್ಲಿ ಒಂದು ಸುತ್ತು ಹಾಕ್ಸು." ಇವರು ಬಾಗಿಲಲ್ಲಿ ನಿಂತಿದ್ದರು. ಟೆಂಡರ್ ದಿವಸ ಮಾರ್ಕೆಟ್ಟಲ್ಲಿ ರೈತರು ಕೊಬ್ಬರಿ ರೇಟು ಕೂಗೋದನ್ನ ಕಾಯುತ್ತಾ ನಿಂತಿರುತ್ತಾರಲ್ಲ, ಆ ಮುಖ.

ಬಿಳೀ ಕಾರು ಸುಖವಾಗಿತ್ತು, ಸುಳ್ಳು ಹೇಳಬಾರದು. ಹಂಪು ಬಂದದ್ದೂ ಗೊತ್ತಾಗಲಿಲ್ಲ. ಒಳಗೆ ತಣ್ಣಗೆ, ಮೆತ್ತಗೆ. ಕೆರೆ ಏರಿ ಮೇಲೆ ಹೋಗೋವಾಗ ಎದುರಿಗೆ ನನ್ನ ಗೆಳತಿ ಕಾಳಮ್ಮ ಬರುತ್ತಿದ್ದಳು. ನನ್ನನ್ನು ಕಂಡು ಕೈ ಎತ್ತಿ ಏನೋ ಕೂಗಿದಳು. ಬಾಯಿ ಆಡುತ್ತಿತ್ತು, ಮಾತು ಕೇಳಲಿಲ್ಲ. ನಾನು, "ಏನೇ ಕಾಳೀ?" ಅಂತ ಕಿರುಚಿದೆ, ಹುಡುಗ ಬೆಚ್ಚಿದ, ಅವಳಿಗೆ ಕೇಳಲಿಲ್ಲ. ಗಾಜು ಇಳಿಸೋಕೆ ಹಿಡಿ ಹುಡುಕಿದೆ, ಹಿಡಿಯೇ ಇಲ್ಲ.

"ಧೂಳು ಬರುತ್ತೆ ಅಜ್ಜಿ, ಏಸಿ ಹಾಕಿದ್ದೀನಿ," ಅಂದ.

"ಧೂಳು ಬರ್ಲಿ ಕಣೋ, ಗಾಜು ಇಳಿಸೋ!"

ಅವನು ಯಾವುದೋ ಗುಂಡಿ ಒತ್ತಿ ಇಳಿಸೋ ಹೊತ್ತಿಗೆ ಕಾಳಮ್ಮ ಹಿಂದೆ ಎಲ್ಲೋ ಚುಕ್ಕಿಯಾಗಿದ್ದಳು.

ಅರ್ಧ ಕಾರಿನಲ್ಲಿ ಹಂಗಲ್ಲ. ಮಂಡಿಗಳು ಮಾತ್ರ ಕಂಡರೂ ಅವು ನಿಂತು ಬಗ್ಗಿ ಮಾತಾಡುತ್ತವೆ. ಯಾರ ಸೊಸೆ ತವರಿಗೆ ಹೋದಳು, ಯಾರ ಬೋರಲ್ಲಿ ನೀರು ಬಂತು, ಎಲ್ಲಾ ತೊಡೆ ಮೇಲೆ ಬಂದು ಬೀಳುತ್ತೆ. ಸೊಪ್ಪು, ಅವರೆಕಾಯಿ ಕೂಡಾ. ಈ ಗಾಜಿನ ಡಬ್ಬೀಲಿ ಕೂತು ಆಸ್ಪತ್ರೆಗೆ ಹೋಗಿ ಬಂದು ನಾನು ಏನು ಮಾಡಲಿ? ಮಂಡಿ ನೆಟ್ಟಗಾಗಿ ಸುದ್ದಿ ಇಲ್ಲದೇ ಬದುಕೋದು ಯಾವ ಸುಖ?

"ತಿರುಗಿಸಪ್ಪ ಮನೆಗೆ. ಕೊಡಲ್ಲ ನಾನು," ಅಂದೆ.

ಹುಡುಗ ಪಾಪ ಬೇಜಾರಾಗಿ ಹೋದ. ಮಂಜ ಹಣೆ ಚಚ್ಚಿಕೊಂಡ. ಇವರು ಒಳಗೆ ಹೋಗಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕಾರು ಸ್ಟಾರ್ಟ್ ಮಾಡಿದರು.

"ಬಾರೇ, ಕಾಳಮ್ಮ ಏನಂದ್ಲು ಅಂತ ಕೇಳ್ಕೊಂಡು ಬರಾಣ," ಅಂದರು.

ಮಂಜ ನನ್ನನ್ನು ಅದರೊಳಕ್ಕೆ ಇಳಿಸಿ ಕೂರಿಸಿದ. ಕಾಳಮ್ಮನ ಮನೆ ಮುಂದೆ ನಿಲ್ಲಿಸಿದೆವು. ಅವಳು ಹೊರಗೆ ಬಂದಳು.

"ಏನೇ ಅದು ನೀನು ಏರಿ ಮೇಲೆ ಕೂಗಿದ್ದು?" ಅಂದೆ.

"ಎಲ್ಲಿಗೆ ಹೊರಟೆ ಅಂದೆ ಕಣೇ. ಇನ್ನೇನು?"

ಅಷ್ಟೇನಾ ಅಂತ ನನಗೆ ಮೈಯೆಲ್ಲಾ ಉರಿಯಿತು. "ರೀ, ಇಳ್ದು ಬಂದು ನನ್ನ ಎತ್ತಿ," ಅಂದೆ ಇವರಿಗೆ. ಇವರು ಅಲ್ಲಾಡಲಿಲ್ಲ. ಸ್ಟೀರಿಂಗ್ ಹಿಡಿದು ಒಂದು ಸಲ ಎದ್ದಂಗೆ ಮಾಡಿದರು, ಮತ್ತೆ ಕೂತರು.

"ಸ್ವಲ್ಪ ಹೊತ್ತು ಇಂಜಿನ್ ಸದ್ದು ಕೇಳಾಣ ಇರೇ," ಅಂದರು.

"ಇಂಜಿನ್ ಆಫ್ ಮಾಡಿದ್ದೀರಲ್ರೀ."

ಆಗ ಬಾಯಿ ಬಿಟ್ಟರು. ಇವರ ಮಂಡಿಯೂ ಹೋಗಿ ತಿಂಗಳುಗಳಾಗಿತ್ತಂತೆ. ಮನೇಲಾದರೆ ನಾನು ಒಳಗೆ ಹೋಗೋವರೆಗೂ ಕಾದು, ಅಟ್ಟದ ಏಣಿ ಹಿಡಿದು ಎದ್ದು ಬರುತ್ತಿದ್ದರಂತೆ. ಹೇಳಿದರೆ ನಾವು ಕಾರು ಕೊಟ್ಟುಬಿಡುತ್ತೀವಿ ಅಂತ ಹೇಳಿರಲಿಲ್ಲ. ಕಾಳಮ್ಮನ ಮನೆ ಮುಂದೆ ಏಣಿ ಎಲ್ಲಿಂದ ಬರಬೇಕು?

ಕಾಳಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನಮ್ಮಿಬ್ಬರನ್ನೂ ಮೇಲಿಂದ ನೋಡಿದಳು. ತೋಟದಿಂದ ಗಂಡಸರು ಬರಲಿ, ಎತ್ತಿಸ್ತೀನಿ ಅಂದಳು. ಅಲ್ಲೀವರೆಗೆ ಕುಡಿಯಿರಿ ಅಂತ ಎರಡು ಲೋಟ ಕಾಫಿ ತಂದು ಕಾರೊಳಕ್ಕೆ ಬಗ್ಗಿ ಕೊಟ್ಟು, ಜಗುಲಿ ಮೇಲೆ ಕಾಲು ಚಾಚಿ ಕೂತಳು.

"ಅಲ್ವೇ ಗೌರೀ, ಊರೆಲ್ಲಾ ಕೇಳ್ತಾವ್ರೆ. ಈ ಕಾರು ಕೊನೇಗೆ ಮಾರುದ್ರಾ, ಇಟ್ಕೊಂಡ್ರಾ?"

"ಎರಡೂ ಆಯ್ತು ಕಣೇ ಕಾಳೀ," ಅಂದೆ. "ಇಳಿಯೋದೊಂದು ಬಾಕಿ."